ಹೌದಪ್ಪನ ಚಾವಡಿಯಲ್ಲಿ ಒಬ್ಬ ಅಲ್ಲಪ್ಪ: ‘ಏಕ್ ರುಕಾ ಹುವಾ ಫೈಸ್ಲಾ’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ವಿದ್ಯಾನಗರದಲ್ಲಿ ಗೆಳೆಯರೊಬ್ಬರ ಮನೆ ತಾರಸಿ ಮೇಲೆ ನಾವು ಕೆಲವರು ಸೇರಿ ಸಿನಿಮಾ ನೋಡುತ್ತೇವೆ. ಬಿಳಿ ಬೆಡ್‌ಶೀಟೇ ಪರದೆ. ಕೂರುವುದಕ್ಕೆ ಚಾಪೆ, ಮಂಡಿ ನೋವಿನವರಿಗೆ ಪ್ಲಾಸ್ಟಿಕ್ ಕುರ್ಚಿ. ಮಂಡಕ್ಕಿ, ಮೆಣಸಿನಕಾಯಿ ಯಾರಾದರೂ ತಂದೇ ತಂದಿರುತ್ತಾರೆ. ಬೇರೆ ಸಿನಿಮಾಗಳು ಬದಲಾಗುತ್ತವೆ, ಆದರೆ ಇದೊಂದನ್ನು ವರ್ಷಕ್ಕೊಮ್ಮೆಯಾದರೂ ಹಾಕುತ್ತೇವೆ. ಪ್ರತಿ ಸಲವೂ ಹೊಸಬರು ಬರುತ್ತಾರೆ, ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಅವೇ. ಅವನ್ನೆಲ್ಲ ಒಂದು ಕಡೆ ಬರೆದಿಡು ಅಂತ ಗೆಳೆಯರು ಹೇಳಿದ್ದಕ್ಕೆ ಇದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಥೆಯ ಗುಟ್ಟುಗಳನ್ನು ಇಲ್ಲಿ ಬಿಚ್ಚಿಟ್ಟಿದ್ದೇನೆ. ಸಿನಿಮಾ ನೋಡದವರು ಮೊದಲ ಮೂರು ಪ್ರಶ್ನೆ ಓದಿ, ನೋಡಿ ಬಂದು ಉಳಿದದ್ದನ್ನು ಓದಿದರೆ ಒಳ್ಳೆಯದು.

ಇದು ಯಾವ ಸಿನಿಮಾ? ಯಾರು ಮಾಡಿದ್ದು?

1986ರ ಹಿಂದಿ ಸಿನಿಮಾ. ನಿರ್ದೇಶಕರು ಬಾಸು ಚಟರ್ಜಿ. ‘ರಜನಿಗಂಧಾ’, ‘ಚಿತ್‌ಚೋರ್’ ಮಾಡಿದವರು ಅಂದರೆ ಹಿರಿಯರಿಗೆ ತಟ್ಟನೆ ಗೊತ್ತಾಗುತ್ತದೆ. ನಮ್ಮ ಗಿರೀಶ ಕಾರ್ನಾಡರು ನಟಿಸಿದ 1977ರ ‘ಸ್ವಾಮಿ’ ಕೂಡ ಇವರದೇ. ಮಧ್ಯಮ ವರ್ಗದ ಮನೆ, ಬಸ್ ಸ್ಟಾಪು, ಆಫೀಸು, ಮೆಲ್ಲಗೆ ಹುಟ್ಟುವ ಪ್ರೀತಿ, ಇವು ಅವರ ಲೋಕ. ಅಂಥವರು ಹನ್ನೆರಡು ಗಂಡಸರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಜಗಳ ಆಡಿಸಿದರು.

ಮೂಲ ಅಮೆರಿಕದ್ದು. 1957ರ ‘ಟ್ವೆಲ್ವ್ ಆಂಗ್ರಿ ಮೆನ್’. ಬರೆದವರು ರೆಜಿನಾಲ್ಡ್ ರೋಸ್, ನಿರ್ದೇಶಕರು ಸಿಡ್ನಿ ಲುಮೆಟ್. ಲುಮೆಟ್‌ಗೆ ಅದು ಮೊದಲ ಸಿನಿಮಾ. ಅದಕ್ಕೂ ಮೊದಲು, 1954ರಲ್ಲಿ, ಇದೇ ಕಥೆ ಅಲ್ಲಿನ ಟಿವಿಯಲ್ಲಿ ನಾಟಕವಾಗಿ ಬಂದಿತ್ತು. ರೋಸ್ ಒಮ್ಮೆ ತಾವೇ ಒಂದು ಕೇಸಿನಲ್ಲಿ ಜ್ಯೂರಿಯಾಗಿ, ಅಂದರೆ ಕೇಸು ಕೇಳಿ ಆರೋಪಿ ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನಿಸುವ ಸಾಮಾನ್ಯ ಜನರಲ್ಲಿ ಒಬ್ಬರಾಗಿ, ಕೂತಿದ್ದರು. ಮುಚ್ಚಿದ ಬಾಗಿಲ ಹಿಂದೆ ನಡೆದ ವಾಗ್ವಾದ ಅವರ ತಲೆಯಲ್ಲಿ ಉಳಿದು ಕಥೆಯಾಯಿತು.

ಕಥೆ ಏನು, ಎರಡು ಮಾತಲ್ಲಿ ಹೇಳಿ.

ಬಡವರ ಬಸ್ತಿಯ ಹುಡುಗ. ತಂದೆಯನ್ನು ಚಾಕುವಿನಿಂದ ಇರಿದು ಕೊಂದ ಅಂತ ಕೇಸು. ಕೋರ್ಟಿನಲ್ಲಿ ಸಾಕ್ಷಿ, ಪಾಟಿ ಸವಾಲು ಎಲ್ಲ ಮುಗಿದಿದೆ. ಈಗ ಹನ್ನೆರಡು ಜನ ಜ್ಯೂರಿಗಳು ಒಂದು ಕೋಣೆಗೆ ಹೋಗಿ ತೀರ್ಮಾನಿಸಬೇಕು. ತಪ್ಪಿತಸ್ಥ ಅಂದರೆ ಹುಡುಗನಿಗೆ ಸಾವು. ತೀರ್ಮಾನ ಏನೇ ಇರಲಿ, ಹನ್ನೆರಡೂ ಜನ ಒಪ್ಪಬೇಕು. ಹನ್ನೊಂದು ಜನ ಕೂತ ಕೂಡಲೇ ಕೈ ಎತ್ತುತ್ತಾರೆ. ಒಬ್ಬ ಎತ್ತುವುದಿಲ್ಲ. ಅಷ್ಟೇ ಕಥೆ.

ಹಾಡಿಲ್ಲ, ಫೈಟಿಲ್ಲ, ಒಂದೇ ಕೋಣೆ. ಬೋರ್ ಆಗಲ್ವಾ?

ಮೊದಲ ಹತ್ತು ನಿಮಿಷ ಆಗಬಹುದು. ಯಾರು ಯಾರು ಅಂತ ಗೊತ್ತಾಗುವುದಿಲ್ಲ, ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ಆಮೇಲೆ ನೀವೇ ಹದಿಮೂರನೆಯವರಾಗಿ ಆ ಮೇಜಿನ ಹತ್ತಿರ ಕೂತಿರುತ್ತೀರಿ. ಹತ್ತನೇ ತರಗತಿ ಹುಡುಗರಿಂದ ಹಿಡಿದು ಎಪ್ಪತ್ತು ದಾಟಿದ ಅಜ್ಜಂದಿರವರೆಗೂ ನಮ್ಮ ತಾರಸಿಯಲ್ಲಿ ನೋಡಿದ್ದಾರೆ. ನಡುವೆ ಎದ್ದು ಹೋದವರು ಬಹಳ ಕಡಿಮೆ. ಹಿಂದಿ ಅಷ್ಟಾಗಿ ಬರದವರಿಗೂ ಮುಖಗಳು ಮುಕ್ಕಾಲು ಕಥೆ ಹೇಳಿಬಿಡುತ್ತವೆ. ಆದರೂ ಪಕ್ಕದಲ್ಲಿ ಹಿಂದಿ ಬಲ್ಲವರೊಬ್ಬರು ಕೂತರೆ ಒಳ್ಳೆಯದು, ಯಾಕಂದರೆ ಇಲ್ಲಿ ಒಂದು ಮಾತು ತಪ್ಪಿದರೂ ಒಂದು ಗಂಟು ಬಿಚ್ಚುವುದು ತಪ್ಪಿಹೋಗುತ್ತದೆ.

ಅಲ್ರೀ, ನಮ್ಮ ದೇಶದಲ್ಲಿ ಜ್ಯೂರಿ ಎಲ್ಲಿದೆ? 1986ರಲ್ಲಿ ಇತ್ತಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ನಮ್ಮಲ್ಲಿಗೆ ವಕೀಲರು ಬಂದ ದಿನವಂತೂ ಇದರಿಂದಲೇ ಮಾತು ಶುರು.

1986ರಲ್ಲಿ ಇರಲಿಲ್ಲ. ಬ್ರಿಟಿಷರ ಕಾಲದಿಂದ ಕೆಲವು ಕಡೆ, ಕೆಲವು ಬಗೆಯ ಕೇಸುಗಳಿಗೆ ಜ್ಯೂರಿ ಇತ್ತು. 1958ರಲ್ಲೇ ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಇದನ್ನು ಕೈಬಿಡಿ ಎಂದು ಹೇಳಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ಆ ಸಂಹಿತೆ ಜಾರಿಗೆ ಬಂದದ್ದು 1974ರ ಏಪ್ರಿಲ್ 1ರಂದು. ಅಂದರೆ ಸಿನಿಮಾ ಬರುವ ಹೊತ್ತಿಗೆ ಹನ್ನೆರಡು ವರ್ಷ ಕಳೆದಿತ್ತು.

ಇನ್ನೊಂದು ವ್ಯತ್ಯಾಸವೂ ಇದೆ. ಇಲ್ಲಿ ಜ್ಯೂರಿ ಇದ್ದ ಕಾಲದಲ್ಲೂ ಎಲ್ಲರೂ ಒಪ್ಪಲೇಬೇಕು ಅಂತ ಇರಲಿಲ್ಲ, ಬಹುಮತ ಸಾಕಿತ್ತು. ಸೆಷನ್ಸ್ ಕೋರ್ಟಿನ ಜ್ಯೂರಿಯಲ್ಲಿ ಒಂಬತ್ತು ಜನಕ್ಕಿಂತ ಹೆಚ್ಚು ಇರುತ್ತಿರಲಿಲ್ಲ. ಹನ್ನೆರಡು ಜನ, ಎಲ್ಲರದ್ದೂ ಒಂದೇ ಮಾತು, ಇದು ಅಮೆರಿಕದ ಕಥೆಯಿಂದ ನೇರವಾಗಿ ಬಂದದ್ದು. ನಮ್ಮ ಹಳೇ ನಿಯಮದ ಪ್ರಕಾರ ಮಾಡಿದ್ದರೆ ಹನ್ನೊಂದು ಜನ ಕೈ ಎತ್ತಿದ ಕ್ಷಣವೇ ಸಿನಿಮಾ ಮುಗಿಯುತ್ತಿತ್ತು.

ಹಾಗಾದರೆ ಇದು ತಪ್ಪಲ್ವಾ ಅಂತ ಕೇಳುತ್ತಾರೆ. ಕಾನೂನಿನ ಲೆಕ್ಕದಲ್ಲಿ ತಪ್ಪೇ. ಆದರೆ ಬಾಸು ಚಟರ್ಜಿ ಇದನ್ನು ಬದಲಿಸಲು ಹೋಗದೆ ಇದ್ದದ್ದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಒಬ್ಬನೇ ಒಬ್ಬ ಒಪ್ಪದಿದ್ದರೂ ಉಳಿದವರು ಬಾಗಿಲು ತೆಗೆದು ಹೊರಗೆ ಹೋಗುವಂತಿಲ್ಲ ಎಂಬ ನಿಯಮವೇ ಈ ಕಥೆಯ ಜೀವ. ‘ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನನ್ನು ಕೇಳೋರು ಯಾರು’ ಅಂತ ನಮ್ಮಲ್ಲಿ ಗಾದೆ ಇದೆಯಲ್ಲ. ಇಲ್ಲಿ ಹೌದಪ್ಪಂದಿರಿಗೆ ಬೇರೆ ದಾರಿಯೇ ಇಲ್ಲ. ಅಲ್ಲಪ್ಪನ ಮಾತು ಕೇಳಲೇಬೇಕು.

ನಾನಾವತಿ ಕೇಸಿನಿಂದ ಜ್ಯೂರಿ ಹೋಯ್ತು ಅಂತಾರೆ. ನಿಜಾನಾ?

ಅರ್ಧ ನಿಜ. 1959ರಲ್ಲಿ ಮುಂಬೈಯಲ್ಲಿ ನೌಕಾಪಡೆ ಅಧಿಕಾರಿ ಕೆ.ಎಂ. ನಾನಾವತಿ ತನ್ನ ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ಕೇಸು ಅದು. ಒಂಬತ್ತು ಜ್ಯೂರಿಗಳಲ್ಲಿ ಎಂಟು ಜನ ‘ತಪ್ಪಿತಸ್ಥನಲ್ಲ’ ಅಂದರು. ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟು ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಜ್ಯೂರಿ ಪದ್ಧತಿಗೆ ಕೆಟ್ಟ ಹೆಸರು ಬರಲು ಈ ಕೇಸು ದೊಡ್ಡ ಕಾರಣವಾಯಿತು, ಸರಿ. ಆದರೆ ಅದರ ಮರುದಿನವೇ ಜ್ಯೂರಿ ನಿಂತುಹೋಗಲಿಲ್ಲ. ಅದಾದ ಮೇಲೂ ಕೆಲವು ಕಡೆ ವರ್ಷಗಟ್ಟಲೆ ನಡೆಯಿತು.

ಆ ಕಾಲದಲ್ಲಿ ನಾನಾವತಿ ಪರವಾಗಿ ಜೋರಾಗಿ ಬರೆದ ಪತ್ರಿಕೆ ಮುಂಬೈಯ ‘ಬ್ಲಿಟ್ಸ್’. ಬಾಸು ಚಟರ್ಜಿ ಸಿನಿಮಾಕ್ಕೆ ಬರುವ ಮೊದಲು ವ್ಯಂಗ್ಯಚಿತ್ರಕಾರರಾಗಿ ದುಡಿದದ್ದು ಇದೇ ಪತ್ರಿಕೆಯಲ್ಲಿ. ಊರೆಲ್ಲ ಸೇರಿ ಒಂದು ಕೇಸನ್ನು ಮೊದಲೇ ತೀರ್ಮಾನಿಸಿಬಿಡುವುದು ಹೇಗಿರುತ್ತದೆ ಅಂತ ಅವರಿಗೆ ಹತ್ತಿರದಿಂದಲೇ ಗೊತ್ತಿರಬೇಕು ಅಂತ ನನಗೆ ಅನಿಸುತ್ತದೆ.

ಜ್ಯೂರಿ ಅಂದ್ರೆ ನಮ್ಮ ಹಳ್ಳಿ ಪಂಚಾಯ್ತಿ ಕಟ್ಟೆ ಥರಾನಾ?

ಅಲ್ಲ. ಕಟ್ಟೆ ಮೇಲೆ ಕೂತವರಿಗೆ ಇಬ್ಬರ ಮನೆಯೂ ಗೊತ್ತು. ಯಾರ ಅಪ್ಪ ಯಾರಿಗೆ ಸಾಲ ಕೊಟ್ಟಿದ್ದ, ಯಾರ ಎಮ್ಮೆ ಯಾರ ಜೋಳದ ಹೊಲಕ್ಕೆ ನುಗ್ಗಿತ್ತು, ಎಲ್ಲ ಗೊತ್ತು. ಆ ಗೊತ್ತಿರುವಿಕೆಯಿಂದಲೇ ನ್ಯಾಯ ಹೇಳುತ್ತಾರೆ. ಜ್ಯೂರಿಗೆ ಕೂರುವವರು ಅಪರಿಚಿತರಾಗಿರಬೇಕು. ಕೋರ್ಟಿನಲ್ಲಿ ಕಂಡದ್ದು, ಕೇಳಿದ್ದು, ಅಷ್ಟರ ಮೇಲೆಯೇ ಹೇಳಬೇಕು. ಸಿನಿಮಾದಲ್ಲಿ ಯಾರಿಗೂ ಇನ್ನೊಬ್ಬರ ಪರಿಚಯವಿಲ್ಲ. ಆದರೂ ಪ್ರತಿಯೊಬ್ಬನೂ ತನ್ನ ಮನೆಯ ಗಂಟನ್ನು ಹೊತ್ತುಕೊಂಡೇ ಆ ಕೋಣೆಗೆ ಬಂದಿದ್ದಾನೆ.

ನಟರು ಯಾರು ಯಾರು? ಎಲ್ಲೋ ನೋಡಿದ ಹಾಗಿದೆ.

ದೊಡ್ಡ ಸ್ಟಾರ್ ಒಬ್ಬರೂ ಇಲ್ಲ. ಕೊನೆಯವರೆಗೂ ಹಟ ಹಿಡಿಯುವ ಮೂರನೇ ಜ್ಯೂರಿ ಪಂಕಜ್ ಕಪೂರ್. ದೂರದರ್ಶನದಲ್ಲಿ ಕ್ಯಾರೆಟ್ ತಿನ್ನುತ್ತಾ ಪತ್ತೇದಾರಿ ಮಾಡುತ್ತಿದ್ದ ‘ಕರಮ್‌ಚಂದ್’ ಅವರೇ. ಒಬ್ಬನೇ ನಿಲ್ಲುವ ಎಂಟನೇ ಜ್ಯೂರಿ ಕೆ.ಕೆ. ರೈನಾ. ಮುಂದೆ ಬಾಸು ಚಟರ್ಜಿಯವರದೇ ‘ಬ್ಯೋಮಕೇಶ್ ಬಕ್ಷಿ’ ಧಾರಾವಾಹಿಯಲ್ಲಿ ಗೆಳೆಯ ಅಜಿತ್ ಆಗಿ ಬಂದರು. ಎಂ.ಕೆ. ರೈನಾ ಏಳನೆಯವರು.

ಒಂಬತ್ತನೇ ಜ್ಯೂರಿ ಆ ಮುದುಕರು ಯಾರು ಅಂತ ಕೇಳದವರಿಲ್ಲ. ಅನ್ನು ಕಪೂರ್! ಆಗ ಅವರಿಗೆ ಸುಮಾರು ಮೂವತ್ತು ವರ್ಷ. ಮುಂದಿನ ಸಲ ನೋಡುವಾಗ ಅವರ ಕತ್ತು, ಕೈ ಗಮನಿಸಿ. ಮಾತು ಶುರು ಮಾಡುವ ಮೊದಲು ಒಂದು ಕ್ಷಣ ಉಸಿರು ಕೂಡಿಸಿಕೊಳ್ಳುತ್ತಾರೆ. ನಮ್ಮ ಮನೆಯ ಹಿರಿಯರು ಏಳುವ ಮೊದಲು ಮಂಡಿ ಮೇಲೆ ಕೈ ಊರುತ್ತಾರಲ್ಲ, ಆ ತರಹದ ಸಣ್ಣ ತಯಾರಿ ಅದು.

ಇವರಲ್ಲಿ ಹಲವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತವರು. ಕಥೆಯನ್ನು ಹಿಂದಿ ರಂಗಭೂಮಿಗೆ ತಂದ ರಂಜಿತ್ ಕಪೂರ್, ಅನ್ನು ಕಪೂರ್ ಅವರ ಅಣ್ಣ. ಹಾಗಾಗಿ ಇದರ ಬೇರು ನಾಟಕದಲ್ಲಿದೆ. ಕೆ.ಬಿ.ಆರ್. ಕಂಪನಿಯ ನಾಟಕಗಳನ್ನು, ಚಿಂದೋಡಿ ಲೀಲಾ ಅವರನ್ನು ಕಂಡು ಬೆಳೆದ ದಾವಣಗೆರೆ ಜನಕ್ಕೆ ಈ ದೊಡ್ಡ ದನಿಯ ನಟನೆ ಅಪರಿಚಿತ ಅನಿಸುವುದಿಲ್ಲ.

ಮೂಲ ಚೆನ್ನಾಗಿದೆಯಾ, ಹಿಂದಿ ಚೆನ್ನಾಗಿದೆಯಾ?

ಕಲೆ ಅಂತ ನೋಡಿದರೆ ಮೂಲ ಮೇಲು. 96 ನಿಮಿಷದಲ್ಲಿ ಒಂದು ಗೆರೆಯೂ ಹೆಚ್ಚಿಲ್ಲ. ಲುಮೆಟ್ ಕ್ಯಾಮೆರಾವನ್ನು ಮೊದಲು ಕಣ್ಣಿನ ಎತ್ತರಕ್ಕಿಂತ ಮೇಲೆ ಇಟ್ಟರು, ನಡುವೆ ಕಣ್ಣಿನ ಮಟ್ಟಕ್ಕೆ ತಂದರು, ಕೊನೆಗೆ ಕೆಳಗೆ ಇಳಿಸಿದರು. ಲೆನ್ಸ್ ಕೂಡ ಬದಲಿಸುತ್ತಾ ಹೋದರು. ಹಾಗಾಗಿ ಹೋಗಹೋಗುತ್ತಾ ಗೋಡೆಗಳು ಹತ್ತಿರ ಬಂದ ಹಾಗೆ, ಛಾವಣಿ ತಲೆ ಮೇಲೆ ಕೂತ ಹಾಗೆ ಅನಿಸುತ್ತದೆ. ಕೋಣೆ ಅದೇ, ಉಸಿರುಗಟ್ಟುವುದು ನಮಗೆ. 1957ರಲ್ಲಿ ಬರ್ಲಿನ್ ಚಿತ್ರೋತ್ಸವದ ಚಿನ್ನದ ಕರಡಿ ಪ್ರಶಸ್ತಿ ಬಂತು. ಮೂರು ಆಸ್ಕರ್‌ಗಳಿಗೆ ನಾಮನಿರ್ದೇಶನ ಆಗಿತ್ತು, ಒಂದೂ ಬರಲಿಲ್ಲ.

ಹಿಂದಿಯದ್ದು ಅಷ್ಟು ಬಿಗಿಯಾಗಿಲ್ಲ. ಕೆಲವು ಕಡೆ ಕೂಗಾಟ ಜಾಸ್ತಿ. ಮೂಲದ ದೃಶ್ಯಗಳನ್ನು ಹಾಗೇ ಹಿಂಬಾಲಿಸುತ್ತದೆ. ಇದು ನನಗೂ ಕಾಣುತ್ತದೆ, ಮುಚ್ಚಿಡುವುದಿಲ್ಲ. ಆದರೂ ನಮ್ಮ ತಾರಸಿಗೆ ನಾನು ಆರಿಸುವುದು ಹಿಂದಿಯದ್ದನ್ನೇ. ಬಸ್ತಿಯಿಂದ ಬಂದವರ ಬಗ್ಗೆ ಹತ್ತನೇ ಜ್ಯೂರಿ ಸುಬ್ಬಿರಾಜ್ ಕಾರುವ ವಿಷ ಇಂಗ್ಲಿಷಿನಲ್ಲಿ ಕೇಳಿದರೆ ಅಮೆರಿಕದ ವಿಷಯ ಅಂತ ದೂರ ಕೂತು ನೋಡಬಹುದು. ಹಿಂದಿಯಲ್ಲಿ ಕೇಳಿದರೆ ಅದು ನಾವು ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ನಮ್ಮದೇ ಹಜಾರದಲ್ಲಿ ಕೇಳಿದ ಮಾತು. ಹೋದ ಸಲ ಆ ಮಾತು ಬರುವಾಗ ಮಂಡಕ್ಕಿ ಪೊಟ್ಟಣದ ಸದ್ದೂ ನಿಂತಿತ್ತು.

ಕನ್ನಡದಲ್ಲಿ ಬಂದಿಲ್ವಾ?

2012ರಲ್ಲಿ ‘ದಶಮುಖ’ ಬಂತು. ರವಿಚಂದ್ರನ್, ಅನಂತ್ ನಾಗ್ ಇದ್ದರು. ಇದೇ ಕಥೆಯ ಎಳೆ ಹಿಡಿದ ಸಿನಿಮಾ. ಬೇರೆ ದೇಶಗಳಲ್ಲೂ ಆಗಿದೆ. ರಷ್ಯಾದಲ್ಲಿ 2007ರಲ್ಲಿ ನಿಕಿತಾ ಮಿಖಾಲ್ಕೋವ್ ‘12’ ಅಂತ ಮಾಡಿದರು.

ಹುಡುಗ ನಿಜವಾಗಲೂ ಕೊಂದಿದ್ದನಾ ಇಲ್ವಾ? ಸಿನಿಮಾ ಹೇಳೋದೇ ಇಲ್ಲವಲ್ಲ!

ಹೇಳುವುದಿಲ್ಲ. ಎಂಟನೇ ಜ್ಯೂರಿಗೂ ಗೊತ್ತಿಲ್ಲ. ‘ಅವನು ಮುಗ್ಧ’ ಅಂತ ಅವನು ಒಮ್ಮೆಯೂ ಆಣೆ ಮಾಡುವುದಿಲ್ಲ. ಸ್ವಲ್ಪ ಮಾತಾಡೋಣ ಅನ್ನುತ್ತಾನೆ, ಅಷ್ಟೇ.

ಇಲ್ಲಿ ಕನ್ನಡದ ಒಂದು ಪದದ ಬಗ್ಗೆ ಹೇಳಬೇಕು. ಪೇಪರಿನಲ್ಲಿ ಓದಿರುತ್ತೀರಿ: ‘ಸಂಶಯದ ಲಾಭ ನೀಡಿ ಆರೋಪಿಯನ್ನು ಖುಲಾಸೆಗೊಳಿಸಲಾಗಿದೆ.’ ಅದನ್ನು ಓದಿದ ಕೂಡಲೇ ನಮ್ಮ ಬಾಯಿಂದ ಬರುವುದು ‘ತಪ್ಪಿಸ್ಕೊಂಡ ನೋಡು’ ಅಂತ. ಲಾಭ ಅಂದರೆ ಯಾರಿಗೋ ಸುಮ್ನೆ ಸಿಕ್ಕಿದ್ದು ಅನ್ನುವ ಹಾಗೆ. ಸಂಶಯ, ಅನುಮಾನ ಅಂದರೂ ನಮಗೆ ಕೆಟ್ಟ ಮಾತೇ. ‘ಅವನಿಗೆ ಹೆಂಡತಿ ಮೇಲೆ ಅನುಮಾನ’, ‘ಆಳಿನ ಮೇಲೆ ಸಂಶಯ’. ನಾವು ಯಾವಾಗಲೂ ಎದುರಿನವನ ಮೇಲೆ ಅನುಮಾನ ಪಡುತ್ತೇವೆ.

ಈ ಸಿನಿಮಾದಲ್ಲಿ ಅನುಮಾನ ತಿರುಗಿ ನಿಲ್ಲುತ್ತದೆ. ಹುಡುಗನ ಮೇಲಲ್ಲ, ನನ್ನ ಮೇಲೆಯೇ. ನಾನು ಕೇಳಿದ್ದು ಸರಿಯಾ? ನನಗೆ ಇಷ್ಟು ಬೇಗ ಹೇಗೆ ಖಾತ್ರಿಯಾಯಿತು? ನನಗೆ ಮನೆಗೆ ಹೋಗುವ ಅವಸರ ಇದೆಯಾ? ಹನ್ನೆರಡು ಜನರಲ್ಲಿ ಒಬ್ಬೊಬ್ಬರೇ ಈ ಪ್ರಶ್ನೆಗೆ ಬಂದು ನಿಲ್ಲುವುದೇ ಸಿನಿಮಾ. ಕೊನೆಯವನು ನಿಲ್ಲುವಾಗ ನೋಡಲು ಕಷ್ಟವಾಗುತ್ತದೆ. ಪಂಕಜ್ ಕಪೂರ್ ಕೋಪ ಇಡೀ ಸಿನಿಮಾ ಆ ಹುಡುಗನ ಮೇಲೆ ಅಂದುಕೊಂಡಿರುತ್ತೇವೆ. ಅದು ಮುನಿಸಿಕೊಂಡು ದೂರವಾದ ತನ್ನ ಸ್ವಂತ ಮಗನ ಮೇಲೆ.

ಆ ರೈಲಿನ ಲೆಕ್ಕ ಅರ್ಥ ಆಗಲಿಲ್ಲ. ಇನ್ನೊಮ್ಮೆ ಹೇಳಿ.

ಖಂಡಿತ. ಇದು ನನಗೆ ತುಂಬಾ ಇಷ್ಟದ ಭಾಗ.

ಇಬ್ಬರು ಸಾಕ್ಷಿಗಳು. ಒಬ್ಬರು ಕೆಳಗಿನ ಮನೆಯ ಮುದುಕ. ‘ಕೊಂದುಬಿಡ್ತೀನಿ’ ಅಂತ ಕೂಗಿದ್ದು ಕೇಳಿಸಿತು, ಮರುಕ್ಷಣ ದೇಹ ಬಿದ್ದ ಸದ್ದು ಬಂತು ಅನ್ನುತ್ತಾನೆ. ಇನ್ನೊಬ್ಬರು ಹಳಿಯ ಆ ಕಡೆಯ ಮನೆಯ ಹೆಂಗಸು. ಓಡುತ್ತಿದ್ದ ರೈಲಿನ ಕಿಟಕಿಗಳ ಮೂಲಕ ಕೊಲೆಯನ್ನು ಕಣ್ಣಾರೆ ಕಂಡೆ ಅನ್ನುತ್ತಾಳೆ. ಇಬ್ಬರ ಮಾತೂ ಬೇರೆ ಬೇರೆಯಾಗಿ ನೋಡಿದರೆ ಗಟ್ಟಿ. ಒಟ್ಟಿಗೆ ಇಟ್ಟರೆ? ಮೂಲ ಸಿನಿಮಾದ ಲೆಕ್ಕದಲ್ಲಿ ರೈಲು ಒಂದು ಜಾಗ ದಾಟಲು ಹತ್ತು ಸೆಕೆಂಡು. ಹೆಂಗಸು ಕಂಡದ್ದು ಕೊನೆಯ ಎರಡು ಬೋಗಿಗಳ ಮೂಲಕ. ಅಂದರೆ ಕೂಗು ಕೇಳಿಸಿತು ಅನ್ನುವ ಹೊತ್ತಿನಲ್ಲಿ ಮುದುಕನ ಕಿಟಕಿ ಪಕ್ಕದಲ್ಲೇ ರೈಲು ಗಡಗಡ ಅನ್ನುತ್ತಿತ್ತು. ಆ ಸದ್ದಿನಲ್ಲಿ ಮಾತು ಕೇಳಿಸುತ್ತದಾ? ಕೇಳಿಸಿದರೂ ಯಾರ ದನಿ ಅಂತ ಗುರುತು ಸಿಗುತ್ತದಾ?

ಇದನ್ನು ನಾವು ಪರೀಕ್ಷೆ ಮಾಡಿ ನೋಡಿದ್ದೇವೆ. ದಾವಣಗೆರೆಯಲ್ಲಿ ರೈಲು ಊರಿನ ಹೊಟ್ಟೆಯಲ್ಲೇ ಹೋಗುತ್ತದೆ. ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ ಕಾದವರಿಗೆ ಹೇಳಬೇಕಾಗಿಲ್ಲ. ಒಂದು ಸಂಜೆ ಗೇಟು ಬಿದ್ದಾಗ ನಾನು ಈ ಕಡೆ, ಗೆಳೆಯ ಆ ಕಡೆ ನಿಂತೆವು. ಗೂಡ್ಸ್ ಗಾಡಿ ಬಂತು. ಅವನು ಗಂಟಲು ಹರಿಯುವ ಹಾಗೆ ನನ್ನ ಹೆಸರು ಕೂಗಬೇಕು ಅಂತ ಮಾತಾಗಿತ್ತು. ಬೋಗಿ ಬೋಗಿ ನಡುವಿನ ಸಂದಿಯಲ್ಲಿ ಅವನ ಬಾಯಿ ತೆರೆದದ್ದು ತುಂಡು ತುಂಡಾಗಿ ಕಂಡಿತು. ದನಿ ಒಂದು ಚೂರೂ ಬರಲಿಲ್ಲ. ನನ್ನ ಪಕ್ಕದಲ್ಲೇ ಸ್ಕೂಟರ್ ಮೇಲೆ ಕೂತಿದ್ದವರು ಏನೋ ಕೇಳಿದರು, ಅದೂ ತಿಳಿಯಲಿಲ್ಲ. ಗೇಟು ಎದ್ದ ಮೇಲೆ ಗೆಳೆಯ ಬಂದು ‘ನಿನ್ನ ಹೆಸರು ಕೂಗಲಿಲ್ಲ, ನಮ್ಮಪ್ಪನ ಹೆಸರು ಕೂಗಿದೆ’ ಅಂದ. ನಾನಾದರೋ ಅವನ ಬಾಯಿ ಆಡಿದ್ದು ನೋಡಿ ನನ್ನ ಹೆಸರೇ ಅಂತ ಅಂದುಕೊಂಡಿದ್ದೆ. ಕೋರ್ಟಿನಲ್ಲಿ ಕೇಳಿದ್ದರೆ ಹಾಗೇ ಹೇಳುತ್ತಿದ್ದೆನೋ ಏನೋ. ಸುಳ್ಳು ಹೇಳಬೇಕು ಅಂತ ಅಲ್ಲ.

ಮುದುಕ ಕಾಲು ಎಳೆದುಕೊಂಡು ಹದಿನೈದು ಸೆಕೆಂಡಿನಲ್ಲಿ ಬಾಗಿಲಿಗೆ ಬಂದೆ ಅನ್ನುವುದನ್ನೂ ಅಳೆಯುತ್ತಾರಲ್ಲ, ಅದನ್ನೂ ಮನೆಯಲ್ಲಿ ಮಾಡಿ ನೋಡಬಹುದು. ಮೂಲದಲ್ಲಿ 41 ಸೆಕೆಂಡು ಆಗುತ್ತದೆ. ಮಕ್ಕಳಿಗೆ ಗಡಿಯಾರ ಕೊಟ್ಟು ಕೂರಿಸಿ, ಖುಷಿಪಡುತ್ತಾರೆ.

ಹೆಂಗಸಿನ ಕನ್ನಡಕದ ವಿಷಯ ಸ್ವಲ್ಪ ಅತಿಯಾಯ್ತು ಅನಿಸಲ್ವಾ?

ನನಗೆ ಅನಿಸುವುದಿಲ್ಲ. ಮೂಗಿನ ಎರಡೂ ಪಕ್ಕ ಕನ್ನಡಕದ ಗುರುತು ಇತ್ತು, ಕೋರ್ಟಿಗೆ ಮಾತ್ರ ಕನ್ನಡಕ ಹಾಕದೆ ಬಂದಿದ್ದಳು. ರಾತ್ರಿ ಮಲಗಿದ್ದವಳು ಕನ್ನಡಕ ಹಾಕಿಕೊಂಡಿದ್ದಳಾ ಎಂಬುದು ಪ್ರಶ್ನೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅಂತ ನಮ್ಮ ಹಿರಿಯರು ಹೇಳಿದ್ದು ಇದನ್ನೇ. ಕನ್ನಡಕ ಹಾಕುವವರು ಈಗಲೇ ತೆಗೆದು ಎದುರು ಮನೆ ಕಿಟಕಿ ನೋಡಿ.

ಆದರೆ ಆ ಹೆಂಗಸು ಸುಳ್ಳಿ ಅಂತ ತಿಳಿಯಬೇಡಿ. ಸಿನಿಮಾ ಅವಳನ್ನಾಗಲಿ ಮುದುಕನನ್ನಾಗಲಿ ಕೆಟ್ಟವರನ್ನಾಗಿ ಮಾಡುವುದಿಲ್ಲ. ಯಾರೂ ಕೇಳದ ಮುದುಕನ ಮಾತನ್ನು ಅಂದು ಒಂದು ದಿನ ಎಲ್ಲರೂ ಕೇಳಿದರು, ಅದು ಅವನಿಗೆ ಬೇಕಾಗಿತ್ತು. ಇದನ್ನು ಕಂಡುಹಿಡಿಯುವುದು ಇನ್ನೊಬ್ಬ ಮುದುಕ, ಒಂಬತ್ತನೇ ಜ್ಯೂರಿ. ಮೊದಲು ಮನಸ್ಸು ಬದಲಿಸುವವರೂ ಅವರೇ.

ಎಂಟನೇ ಜ್ಯೂರಿ ತಾನೇ ಚಾಕು ತಂದು ಮೇಜಿಗೆ ಚುಚ್ಚುತ್ತಾನಲ್ಲ. ಅದು ಸರೀನಾ?

ಕಾನೂನಿನಲ್ಲಿ ಸರಿಯಲ್ಲ. ಜ್ಯೂರಿ ತಾನೇ ಹೊರಗೆ ಹೋಗಿ ತನಿಖೆ ಮಾಡುವಂತಿಲ್ಲ. ಕೊಲೆಗೆ ಬಳಸಿದಂಥ ಚಾಕು ಬೇರೆಲ್ಲೂ ಸಿಗದು ಅಂದಿದ್ದನ್ನು ಕೋರ್ಟಿನಲ್ಲೇ ಹುಡುಗನ ವಕೀಲ ಒಡೆಯಬೇಕಿತ್ತು. ಆ ವಕೀಲ ಏನೂ ಕೇಳಲಿಲ್ಲ. ದುಡ್ಡಿಲ್ಲದ ಕಕ್ಷಿದಾರ, ಮನಸ್ಸಿಲ್ಲದ ವಕೀಲ.

ಇದನ್ನು ಕೇಳಿದಾಗ ಒಂದು ವಿಷಯ ಮರೆಯದೆ ಹೇಳುತ್ತೇನೆ. ವಕೀಲರಿಗೆ ಕೊಡಲು ದುಡ್ಡಿಲ್ಲದವರಿಗೆ ಉಚಿತ ಕಾನೂನು ನೆರವು ಕೊಡಬೇಕು ಅಂತ ನಮ್ಮ ಸಂವಿಧಾನದ 39ಎ ವಿಧಿ ಹೇಳುತ್ತದೆ. ಅದಕ್ಕೆ 1987ರ ಕಾಯ್ದೆ ಇದೆ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲ್ಲೂಕುಗಳಲ್ಲಿ ಸಮಿತಿಗಳಿವೆ. ಬಂಧನದಲ್ಲಿ ಇರುವವರು, ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು ಆದಾಯದ ಲೆಕ್ಕವಿಲ್ಲದೆ ಕೇಳಬಹುದು. ನಿಮಗೆ ಗೊತ್ತಿರುವ ಯಾರಿಗಾದರೂ ಬೇಕಾದರೆ ತಿಳಿಸಿ.

ಇದೇ ಕೇಸು ಇವತ್ತು ನಮ್ಮ ಕೋರ್ಟಿಗೆ ಬಂದರೆ?

ಸೆಷನ್ಸ್ ನ್ಯಾಯಾಧೀಶರು ಒಬ್ಬರೇ ತೀರ್ಮಾನಿಸುತ್ತಾರೆ. ತೀರ್ಪಿಗೆ ಕಾರಣ ಬರೆಯಬೇಕು. ಜ್ಯೂರಿ ಕಾರಣ ಕೊಡಬೇಕಾಗಿಲ್ಲ, ಅದು ದೊಡ್ಡ ವ್ಯತ್ಯಾಸ. ಮರಣದಂಡನೆ ಕೊಟ್ಟರೆ ಹೈಕೋರ್ಟು ಒಪ್ಪುವ ತನಕ ಜಾರಿಯಾಗದು. 1980ರ ಬಚನ್ ಸಿಂಗ್ ತೀರ್ಪಿನ ಪ್ರಕಾರ ಅಪರೂಪದಲ್ಲಿ ಅಪರೂಪದ ಕೇಸಿಗೆ ಮಾತ್ರ ಆ ಶಿಕ್ಷೆ. ಇಷ್ಟೆಲ್ಲ ತಡೆ ಇರುವುದು ಒಳ್ಳೆಯದೇ. ಜ್ಯೂರಿ ವಾಪಸ್ ಬರಲಿ ಅಂತ ನಾನು ಈ ಸಿನಿಮಾ ತೋರಿಸುತ್ತಿಲ್ಲ.

ಮತ್ತೆ ಯಾಕೆ ತೋರಿಸ್ತೀರಿ? ಪ್ರತಿ ವರ್ಷ ಇದೇ ಯಾಕೆ?

ಕಾರಣ ನನ್ನ ಸ್ವಂತದ್ದು. ತುಂಬಾ ವರ್ಷದ ಹಿಂದೆ ನಮ್ಮ ನೆಂಟರ ಮನೆಯ ಮದುವೆ. ಆರತಕ್ಷತೆ ಮುಗಿದು ರಾತ್ರಿ ಹನ್ನೊಂದರ ಹೊತ್ತಿಗೆ ಮುಯ್ಯಿ ಕವರುಗಳ ಚೀಲ ಕಾಣುತ್ತಿಲ್ಲ ಅಂತ ಗದ್ದಲ ಶುರುವಾಯಿತು. ಚೀಲ ಇಟ್ಟಿದ್ದ ಕೋಣೆಯ ಕಡೆ ಊಟಕ್ಕೆ ಬಡಿಸುವ ಹುಡುಗನೊಬ್ಬ ಹೋದದ್ದನ್ನು ಯಾರೋ ಕಂಡಿದ್ದರಂತೆ. ಊಟದ ಹಾಲಿನಲ್ಲಿ, ಇನ್ನೂ ಒರೆಸದ ಟೇಬಲ್ ಸುತ್ತ, ಹತ್ತು ಹನ್ನೆರಡು ಗಂಡಸರು ಕೂತೆವು. ಹುಡುಗನನ್ನು ನಿಲ್ಲಿಸಿದೆವು. ಹದಿನಾರೋ ಹದಿನೇಳೋ ಇರಬೇಕು. ಕೈಯಲ್ಲಿ ಇನ್ನೂ ಸಾರಿನ ಬಕೀಟು ಇತ್ತು, ಅದನ್ನು ಕೆಳಗಿಡು ಅಂತ ಕೂಡ ಯಾರೂ ಹೇಳಲಿಲ್ಲ. ‘ನೀರು ತರೋಕೆ ಹೋಗಿದ್ದೆ ಸಾರ್’ ಅಂದ. ಎಲ್ಲಿಯವನು ಅಂತ ಕೇಳಿದರು. ಹೇಳಿದ. ‘ಹಂಗಾದ್ರೆ ಇವನೇ’ ಅಂದರು ಒಬ್ಬ ಹಿರಿಯರು. ಎಲ್ಲರೂ ತಲೆ ಆಡಿಸಿದರು. ನಾನೂ ಆಡಿಸಿದೆ. ಬೆಳಿಗ್ಗೆ ನನಗೆ ಬಸ್ಸಿತ್ತು, ನಿದ್ದೆ ಬರುತ್ತಿತ್ತು. ಕೂಲಿ ಕೊಡದೆ, ಎರಡು ಏಟು ಹಾಕಿ ಕಳಿಸಿದರು.

ಚೀಲ ಮರುದಿನ ಮದುಮಗಳ ಅಣ್ಣನ ಕಾರಿನ ಡಿಕ್ಕಿಯಲ್ಲಿ, ತೆಂಗಿನಕಾಯಿ ಮೂಟೆ ಕೆಳಗೆ ಸಿಕ್ಕಿತು. ಅವನೇ ಜೋಪಾನವಾಗಿರಲಿ ಅಂತ ಇಟ್ಟು ಮರೆತಿದ್ದ. ಹುಡುಗನನ್ನು ಹುಡುಕಿ ಹೇಳೋಣ ಅಂದೆ. ಹೆಸರು ಯಾರಿಗೂ ಗೊತ್ತಿರಲಿಲ್ಲ. ಅಡುಗೆಯವರನ್ನು ಕೇಳಿದರೆ ಆವತ್ತೊಂದು ದಿನಕ್ಕೆ ಬಂದವನು ಅಂದರು. ನಾವು ಅವನ ಊರು ಕೇಳಿದ್ದೆವು, ಹೆಸರು ಕೇಳಿರಲಿಲ್ಲ.

ಈ ಸಿನಿಮಾ ನಾನು ನೋಡಿದ್ದು ಅದಾದ ಎರಡು ವರ್ಷಕ್ಕೆ. ಕೆ.ಕೆ. ರೈನಾ ಕೈ ಎತ್ತದೆ ಕೂತದ್ದನ್ನು ನೋಡಿ ನಾನು ಎದ್ದು ಹೊರಗೆ ಹೋಗಿ ನಿಂತಿದ್ದೆ.

ಹನ್ನೆರಡೂ ಗಂಡಸರೇ ಯಾಕೆ?

ಬರೆದ ಕಾಲ ಹಾಗಿತ್ತು. ಈಗ ನಾಟಕವಾಗಿ ಆಡುವವರು ಹೆಣ್ಣು ಗಂಡು ಸೇರಿಸಿ ‘ಟ್ವೆಲ್ವ್ ಆಂಗ್ರಿ ಜ್ಯೂರರ್ಸ್’ ಅಂತಲೂ ಆಡುತ್ತಾರೆ. ನಮ್ಮಲ್ಲಿ ಒಮ್ಮೆ ಪಿಯುಸಿ ಹೆಣ್ಣುಮಕ್ಕಳು ಒಂದು ದೃಶ್ಯವನ್ನು ಕನ್ನಡದಲ್ಲಿ ಓದಿದರು. ಮೂರನೇ ಜ್ಯೂರಿಯ ಭಾಗ ಓದಿದ ಹುಡುಗಿ ಕೂಗಾಡಲಿಲ್ಲ, ದನಿ ತಗ್ಗಿಸಿ ಓದಿದಳು. ಪಂಕಜ್ ಕಪೂರ್ ಅವರ ಅಬ್ಬರಕ್ಕಿಂತ ಅದು ನನ್ನನ್ನು ಹೆಚ್ಚು ಹೆದರಿಸಿತು.

ನಮ್ಮ ಊರಲ್ಲೂ, ಕಾಲೇಜಲ್ಲೂ ತೋರಿಸಬೇಕು ಅಂತ ಇದೆ. ಹೇಗೆ ಮಾಡಬೇಕು?

ದಯವಿಟ್ಟು ಮಾಡಿ. ಹಿರಿಯೂರು, ಹೊಳಲ್ಕೆರೆ, ಹರಿಹರ, ಎಲ್ಲಿಯಾದರೂ ಆಗುತ್ತದೆ. ನಾಟಕದ ರುಚಿ ಇರುವ ಸೀಮೆ ನಮ್ಮದು. ಸಾಣೇಹಳ್ಳಿಯ ನಾಟಕೋತ್ಸವಕ್ಕೆ ಚಳಿಯಲ್ಲಿ ಕಂಬಳಿ ಹೊದ್ದು ಬರುವ ಜನ ಮಾತಿನ ಸಿನಿಮಾಕ್ಕೆ ಬೇಸರಪಡುವುದಿಲ್ಲ.

ಭಾಷಣ ಇಟ್ಟುಕೊಳ್ಳಬೇಡಿ. ಸಿನಿಮಾ ಶುರುವಾಗಿ ಮೊದಲ ಮತ ಎಣಿಸುವ ಹೊತ್ತಿಗೆ ನಿಲ್ಲಿಸಿ, ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಹೆಸರು ಬೇಡ, ‘ತಪ್ಪಿತಸ್ಥ’ ಅಥವಾ ‘ಅಲ್ಲ’ ಅಂತ ಮಾತ್ರ ಬರೆಯಲಿ. ನಮ್ಮಲ್ಲಿ ಮೊದಲ ಸಲ ಹೀಗೆ ಮಾಡಿದಾಗ ಮೂರು ಚೀಟಿ ಬಿಟ್ಟು ಉಳಿದದ್ದೆಲ್ಲ ‘ತಪ್ಪಿತಸ್ಥ’ ಇತ್ತು. ಆ ಚೀಟಿಗಳನ್ನು ಆಗಲೇ ಓದಬೇಡಿ, ಡಬ್ಬಿಯಲ್ಲಿ ಇಟ್ಟಿರಿ. ಚಹಾ ಕೂಡ ನಡುವೆ ಬೇಡ, ಕಾವು ಆರಿಹೋಗುತ್ತದೆ. ಮುಗಿದ ಕೂಡಲೇ ಲೈಟು ಹಾಕಬೇಡಿ, ಅಕ್ಷರಗಳೆಲ್ಲ ಮೇಲೆ ಹೋಗಲಿ. ಆಮೇಲೆ ಡಬ್ಬಿ ತೆಗೆದು ಒಂದೊಂದೇ ಚೀಟಿ ಜೋರಾಗಿ ಓದಿ.